ಯಕೃತ್ತಿನ ಒಳಗಡಿಗಳನ್ನು ಗುರುತಿಸಿದವರು

ಯಕೃತ್ತಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ನಡೆಯುವ ದೊಡ್ಡ ಆಸ್ಪತ್ರೆಗಳಲ್ಲಿ ಇಂದು ವೈದ್ಯರ ಎದುರಿಗೆ ಒಂದು ಪರದೆ ಇರುತ್ತದೆ. ರೋಗಿಯ ಸ್ಕ್ಯಾನ್‌ನಿಂದ ಕಂಪ್ಯೂಟರ್ ಕಟ್ಟಿಕೊಟ್ಟ ಮೂರು ಆಯಾಮದ ಯಕೃತ್ತು ಅದರಲ್ಲಿ ತಿರುಗುತ್ತದೆ. ರಕ್ತನಾಳಗಳಿಗೆ ಒಂದೊಂದು ಬಣ್ಣ, ಗಡ್ಡೆಗೆ ಇನ್ನೊಂದು, ಕತ್ತರಿಸಬೇಕಾದ ಗಡಿಗೆ ಸ್ಪಷ್ಟ ಗೆರೆ. ಇದನ್ನು ಯಂತ್ರ ತಂದ ಹೊಸ ಯುಗ ಎಂದು ಬಣ್ಣಿಸುವುದು ವಾಡಿಕೆಯಾಗಿದೆ. ಆ ಗೆರೆಗಳ ಮೂಲ ಹುಡುಕುತ್ತ ಹೋದರೆ ಈ ಮಾತು ನಿಲ್ಲುವುದಿಲ್ಲ. ಗಡಿಗಳನ್ನು ಕಂಡುಕೊಂಡವರು ಶವಪರೀಕ್ಷೆಯ ಮೇಜಿನ ಮುಂದೆ ವರ್ಷಗಟ್ಟಲೆ ನಿಂತ ಮನುಷ್ಯರು. ಕಂಪ್ಯೂಟರ್ ಅವರ ಕೆಲಸವನ್ನು ಮುಂದುವರಿಸಿದೆ. ಅದು ಸ್ವಂತವಾಗಿ ಸೇರಿಸಿದ್ದೂ ಉಂಟು, ಆದರೆ ಅದು ಸಾಮಾನ್ಯವಾಗಿ ಹೊಗಳಿಕೆಗೆ ಸಿಗುವ ಭಾಗವಲ್ಲ.

ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ ಹೊರಗಿನಿಂದ ನುಣುಪಾಗಿದೆ, ಒಳಗೇನಿದೆ ಎಂಬುದರ ಸುಳಿವನ್ನೇ ಕೊಡುವುದಿಲ್ಲ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹರಿಯುತ್ತದೆ. ರಕ್ತ ತರುವ ಪೋರ್ಟಲ್ ಸಿರೆಯ ಕವಲುಗಳೂ ರಕ್ತ ಒಯ್ಯುವ ಸಿರೆಗಳ ಕವಲುಗಳೂ ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದರ ನಡುವೆ ಒಂದು ಚಾಚಿಕೊಂಡಿವೆ. ಆದ್ದರಿಂದ ತಪ್ಪಾದ ಜಾಗದಲ್ಲಿ ಕತ್ತಿ ಇಟ್ಟರೆ ರಕ್ತಸ್ರಾವ ಒಂದು ಅಪಾಯ, ಉಳಿಯಬೇಕಾದ ಭಾಗ ರಕ್ತವಿಲ್ಲದೆ ಸಾಯುವುದು ಇನ್ನೊಂದು. 1654ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ಯಕೃತ್ತಿನ ರಚನೆಯ ಬಗ್ಗೆ ಇಡೀ ಪುಸ್ತಕವನ್ನೇ ಬರೆದಿದ್ದ. ಆದರೂ ಅದರ ಒಂದು ಭಾಗವನ್ನು ಯೋಜನೆ ಹಾಕಿ ಕತ್ತರಿಸುವ ಧೈರ್ಯ ಬರಲು 1888ರ ತನಕ ಕಾಯಬೇಕಾಯಿತು. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಮಾಡಿದ ಆ ಶಸ್ತ್ರಚಿಕಿತ್ಸೆಯ ನಂತರ ರಕ್ತ ಸೋರಿ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಯಿತು, ರೋಗಿ ಬದುಕಿದರು. 1908ರಲ್ಲಿ ಗ್ಲಾಸ್ಗೋದ ಹೋಗಾರ್ತ್ ಪ್ರಿಂಗಲ್, ಒಳಬರುವ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುವ ಉಪಾಯ ಹೇಳಿದ. ಅದರಿಂದ ಸಮಯ ಸಿಕ್ಕಿತು. ಎಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ಉತ್ತರ ಹುಡುಕಿದವರಲ್ಲಿ ಕೆಲವರು ಯುರೋಪಿನಿಂದ ಬಹು ದೂರದಲ್ಲಿದ್ದರು. ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿದ್ದ ಜೇಮ್ಸ್ ಕ್ಯಾಂಟ್ಲಿ, ಬಲಭಾಗ ಕುಗ್ಗಿ ಎಡಭಾಗ ಬೆಳೆದಿದ್ದ ಒಂದು ಯಕೃತ್ತಿನಿಂದ ಸುಳಿವು ಹಿಡಿದು, ಬಲ ಎಡಗಳ ನಿಜವಾದ ಗಡಿ ಪಿತ್ತಕೋಶದಿಂದ ಹಿಂದಿನ ಮಹಾಸಿರೆಯವರೆಗೆ ಹೋಗುತ್ತದೆ ಎಂದು 1890ರ ದಶಕದ ಕೊನೆಯಲ್ಲಿ ತೋರಿಸಿದ. ಹೊರಗೆ ಕಾಣುವ ಸೀಳು ಗಡಿಯೇ ಅಲ್ಲ ಎಂದಾಯಿತು. 1930ರ ದಶಕದಲ್ಲಿ ಹನೋಯಿಯ ಟನ್ ಥಾಟ್ ತುಂಗ್ ಇನ್ನೂರಕ್ಕೂ ಹೆಚ್ಚು ಯಕೃತ್ತುಗಳನ್ನು ಬಿಡಿಸಿ ಸಿರೆಗಳ ಕವಲುಗಳನ್ನು ಒಂದೊಂದಾಗಿ ದಾಖಲಿಸಿದರು. ಮುಂದೆ ಯುದ್ಧದ ನಡುವೆ, ಸಲಕರಣೆಗಳ ಕೊರತೆಯಲ್ಲಿ, ಬೆರಳುಗಳಿಂದಲೇ ಯಕೃತ್ತಿನ ಮಾಂಸವನ್ನು ಹಿಸುಕಿ, ಸಿಕ್ಕ ನಾಳಗಳನ್ನು ಕಟ್ಟುತ್ತ ಅವರು ಗಡ್ಡೆಗಳನ್ನು ತೆಗೆದರು. ಒಳಗಿನ ದಾರಿ ಬಾಯಿಪಾಠವಾಗಿದ್ದವನ ಬೆರಳಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಈ ಇತಿಹಾಸದಲ್ಲಿ ತುಂಗ್ ಅವರಿಗೆ ಸಲ್ಲಬೇಕಾದ ಜಾಗ ಇನ್ನೂ ಪೂರ್ತಿ ಸಂದಿಲ್ಲ ಎಂದೇ ನನ್ನ ಅಭಿಪ್ರಾಯ. ಪ್ಯಾರಿಸ್ಸಿನ ಕ್ಲೋಡ್ ಕ್ವಿನೋ, ನಾಳಗಳೊಳಗೆ ಪ್ಲಾಸ್ಟಿಕ್ ತುಂಬಿಸಿ ಸುತ್ತಲಿನ ಮಾಂಸವನ್ನು ಕರಗಿಸಿ, ಕವಲುಗಳ ಅಚ್ಚುಗಳನ್ನು ಪಡೆದರು. 1957ರ ಅವರ ಪುಸ್ತಕ ಯಕೃತ್ತನ್ನು ಎಂಟು ಖಂಡಗಳಾಗಿ ವಿಂಗಡಿಸಿತು. ಇಂದಿನ ಪರದೆಯ ಮೇಲಿನ ಸಂಖ್ಯೆಗಳು ಅವೇ ಎಂಟು.

ಆದರೆ ಆ ನಕ್ಷೆ ಸತ್ತವರ ಯಕೃತ್ತುಗಳ ಸಾರಾಂಶ, ಮೇಜಿನ ಮೇಲೆ ಮಲಗಿದ ರೋಗಿಯದಲ್ಲ. ಹೆಪಟೈಟಿಸ್‌ನಿಂದ ಸಿರೋಸಿಸ್ ಆಗಿ ಅದರ ಮೇಲೆ ಕ್ಯಾನ್ಸರ್ ಬಂದವರು ಜಪಾನಿನಲ್ಲಿ ಬಹಳ ಮಂದಿ. ಅವರ ಯಕೃತ್ತಿನಲ್ಲಿ ದೊಡ್ಡ ಭಾಗ ತೆಗೆದರೆ ಉಳಿದದ್ದು ದೇಹವನ್ನು ನಡೆಸಲಾರದು. ಚಿಕ್ಕ ಖಂಡವನ್ನೇ ಕರಾರುವಾಕ್ಕಾಗಿ ತೆಗೆಯಬೇಕು. ಟೋಕಿಯೋದ ಮಸಾತೋಶಿ ಮಾಕುಉಚಿ 1970ರ ದಶಕದ ಕೊನೆಯ ಹೊತ್ತಿಗೆ ಅಲ್ಟ್ರಾಸೌಂಡ್ ಸಲಕರಣೆಯನ್ನು ತೆರೆದ ಹೊಟ್ಟೆಯೊಳಗೆ ಯಕೃತ್ತಿನ ಮೇಲೆಯೇ ಇಟ್ಟು ನೋಡತೊಡಗಿದ್ದರು. 1985ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಗಡ್ಡೆಗೆ ರಕ್ತ ಒಯ್ಯುವ ಪೋರ್ಟಲ್ ಕವಲನ್ನು ಅಲ್ಟ್ರಾಸೌಂಡ್‌ನಲ್ಲಿ ಹುಡುಕಿ ಸೂಜಿಯಿಂದ ನೀಲಿ ಬಣ್ಣ ಬಿಡುತ್ತಾರೆ. ಆ ಕವಲಿಗೆ ಸೇರಿದ ಪ್ರದೇಶ ಮಾತ್ರ ಮೇಲ್ಮೈಯಲ್ಲಿ ನೀಲಿಯಾಗುತ್ತದೆ. ಬದುಕಿರುವ ಅಂಗ ತನ್ನ ಗಡಿಯನ್ನು ತಾನೇ ತೋರಿಸಿದ ಈ ಘಳಿಗೆಯೇ ನಿಜವಾದ ತಿರುವು ಎಂದು ನಾನು ಎಣಿಸುತ್ತೇನೆ. ಅದರಲ್ಲಿ ಕಂಪ್ಯೂಟರ್ ಮಾರ್ಗದರ್ಶನ ಏನೂ ಇರಲಿಲ್ಲ. ಇತ್ತೀಚೆಗೆ ಬಳಕೆಗೆ ಬಂದಿರುವ, ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ಅವಕೆಂಪು ಕ್ಯಾಮೆರಾದಲ್ಲಿ ಹೊಳೆಯಿಸಿ ಖಂಡ ಗುರುತಿಸುವ ಕ್ರಮವೂ ಇದೇ ಉಪಾಯದ ಮುಂದುವರಿಕೆ.

ಹಾಗಾದರೆ ಕಂಪ್ಯೂಟರ್ ಏನು ಕೊಟ್ಟಿತು? ಅಳತೆ ಕೊಟ್ಟಿತು. ಸಿ.ಟಿ. ಸ್ಕ್ಯಾನ್ ಸಾಕಷ್ಟು ವೇಗವೂ ಸೂಕ್ಷ್ಮವೂ ಆದಮೇಲೆ, 1990ರ ದಶಕದಲ್ಲಿ ಹೈಡಲ್‌ಬರ್ಗ್, ಸ್ಟ್ರಾಸ್‌ಬರ್ಗ್, ಬ್ರೆಮೆನ್ ನಗರಗಳ ಸಂಶೋಧಕರು ಚಿತ್ರಗಳಿಂದ ರಕ್ತನಾಳಗಳ ಕವಲುಗಳನ್ನು ಬೇರ್ಪಡಿಸುವ ಲೆಕ್ಕಾಚಾರಗಳನ್ನು ರೂಪಿಸಿದರು. ಬ್ರೆಮೆನ್ನಿನ ಮೆವಿಸ್ ಸಂಸ್ಥೆಯನ್ನು 1995ರಲ್ಲಿ ಕಟ್ಟಿದ ಹೈನ್ಸ್-ಒಟ್ಟೊ ಪೈಟ್‌ಗೆನ್ ಗಣಿತಜ್ಞ. ಫ್ರಾಕ್ಟಲ್ ಆಕೃತಿಗಳ ಅಧ್ಯಯನಕ್ಕೆ ಹೆಸರಾದವರು. ಈ ಕವಲು ಕತ್ತರಿಸಿದರೆ ಎಷ್ಟು ಮಿಲಿಲೀಟರ್ ಹೋಗುತ್ತದೆ, ಎಷ್ಟು ಉಳಿಯುತ್ತದೆ, ಉಳಿದದ್ದರಲ್ಲಿ ಯಾವ ಭಾಗದ ರಕ್ತ ಹೊರಹೋಗಲು ದಾರಿ ಇಲ್ಲ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳುವುದು ಇದರಿಂದ ಸಾಧ್ಯವಾಯಿತು. ಬದುಕಿರುವ ದಾನಿಯಿಂದ ಯಕೃತ್ತಿನ ಭಾಗ ಪಡೆಯುವ ಕಸಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಲ್ಲಿ ಲೆಕ್ಕ ತಪ್ಪಿದರೆ ಕಷ್ಟಕ್ಕೆ ಸಿಲುಕುವುದು ಆರೋಗ್ಯವಂತ ದಾನಿ. ಎಂಟು ಖಂಡಗಳ ಸಾಮಾನ್ಯ ನಕ್ಷೆಯಿಂದ ಈ ಲೆಕ್ಕ ಸಿಗುತ್ತಿರಲಿಲ್ಲ, ಏಕೆಂದರೆ ಕವಲುಗಳ ಕ್ರಮ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ.

ಅಳತೆಯ ಮಾತು ಸರಿ, ಆದರೆ ಮೇಜಿನ ಮೇಲೆ ದಾರಿ ತೋರಿಸುವ ಭರವಸೆ ಈಡೇರಿದೆಯೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಬಲವಿದೆ. ಮಿದುಳು ತಲೆಬುರುಡೆಯೊಳಗೆ ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ; ಅದಕ್ಕೇ ಇಂಥ ಮಾರ್ಗದರ್ಶನ ಅಲ್ಲಿ ಬೇಗ ಬೇರೂರಿತು. ಯಕೃತ್ತು ಉಸಿರಿನೊಂದಿಗೆ ಚಲಿಸುತ್ತದೆ, ಹಿಡಿದಿದ್ದ ಕಟ್ಟುಗಳನ್ನು ಬಿಡಿಸಿದಾಗ ಆಕಾರ ಬದಲಿಸುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗ್ಯಾಲೊವೆ, ಮೈಕೆಲ್ ಮಿಗಾ ಮುಂತಾದವರು, ತೆರೆದ ಯಕೃತ್ತಿನ ಮೇಲ್ಮೈಯನ್ನು ಲೇಸರ್‌ನಿಂದ ಅಳೆದು, ಹಳೆಯ ಸ್ಕ್ಯಾನನ್ನು ಅದಕ್ಕೆ ತಕ್ಕಂತೆ ಬಾಗಿಸುವ ಗಣಿತಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಅನುಭವಿ ಕೈಗೆ ಅಲ್ಟ್ರಾಸೌಂಡ್ ಸಾಕು ಎನ್ನುವವರ ವಾದವನ್ನು ಬಹುಪಾಲು ಶಸ್ತ್ರಚಿಕಿತ್ಸೆಗಳ ಮಟ್ಟಿಗೆ ನಾನು ಒಪ್ಪುತ್ತೇನೆ. ಆದರೆ ಒಂದು ಸಂದರ್ಭ ಆ ವಾದಕ್ಕೆ ಹೊರಗಿದೆ. ದೊಡ್ಡಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದವರಲ್ಲಿ ಕೀಮೋಥೆರಪಿಗೆ ಕೆಲವು ಚಿಕ್ಕ ಗಡ್ಡೆಗಳು ಕರಗಿ ಸ್ಕ್ಯಾನ್‌ನಿಂದ ಮಾಯವಾಗುತ್ತವೆ. ಕ್ಯಾನ್ಸರ್ ಕೋಶಗಳು ಮಾತ್ರ ಹಲವು ಬಾರಿ ಅಲ್ಲೇ ಉಳಿದಿರುತ್ತವೆ. ಶಸ್ತ್ರಚಿಕಿತ್ಸೆಯ ದಿನ ಕಣ್ಣಿಗಾಗಲಿ ಬೆರಳಿಗಾಗಲಿ ಅಲ್ಟ್ರಾಸೌಂಡ್‌ಗಾಗಲಿ ಸಿಗದ ಆ ಜಾಗ ದಾಖಲಾಗಿರುವುದು ಚಿಕಿತ್ಸೆಗೆ ಮುಂಚಿನ ಹಳೆಯ ಸ್ಕ್ಯಾನ್‌ನಲ್ಲಿ ಮಾತ್ರ. ಅದನ್ನು ಇವತ್ತಿನ ಯಕೃತ್ತಿನ ಮೇಲೆ ತಂದು ಕೂರಿಸಲು ತುಂಗ್ ಅವರ ಬೆರಳಾಗಲಿ ಮಾಕುಉಚಿಯವರ ನೀಲಿ ಬಣ್ಣವಾಗಲಿ ಸಾಲದು; ಆ ಕೆಲಸಕ್ಕೆ ಕಂಪ್ಯೂಟರ್ ಬೇಕೇ ಬೇಕು.