ಶಾಲೆ ಬಿಟ್ಟ ಮೇಲಿನ ಹೊತ್ತು



ರೋಗಿಯ ನಾಡಿ ಹಿಡಿಯುವವನನ್ನು ಇತಿಹಾಸ ಕುರಿತು ಮಾತನಾಡಲು ಕರೆದಿರುವುದು ನಿಮ್ಮ ಔದಾರ್ಯ. ಶಾಲೆ ಬಿಟ್ಟ ಮೇಲೆ ಮಕ್ಕಳು ಕಳೆಯುವ ಹೊತ್ತಿಗೆ ಸಾರ್ವಜನಿಕರ ಹಣ ಒದಗಿಬಂದ ಬಗೆ ನಾನಿಂದು ಆರಿಸಿಕೊಂಡಿರುವ ವಿಷಯ. ಆ ಕಥೆಗೆ ನಾಂದಿ ಹಾಡಿದವರು ಒಬ್ಬ ವೈದ್ಯೆ ಎಂಬುದೇ ನನಗಿರುವ ಧೈರ್ಯ.

ಡಾ. ಮೇರಿ ಜಕ್ಷೆವ್ಸ್ಕಾ ಬರ್ಲಿನ್ನಿನಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಬಂದು, 1862ರಲ್ಲಿ ಬಾಸ್ಟನ್ನಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯೊಂದನ್ನು ಸ್ಥಾಪಿಸಿದವರು. ಬರ್ಲಿನ್ನಿನ ಉದ್ಯಾನಗಳಲ್ಲಿ ಮಕ್ಕಳು ಮರಳಗುಡ್ಡೆಯಲ್ಲಿ ಆಡುವುದನ್ನು ಕಂಡ ಅವರು, ಅಂಥದೇ ವ್ಯವಸ್ಥೆ ಬಾಸ್ಟನ್ನಿನಲ್ಲೂ ಆಗಲೆಂದು ಸೂಚಿಸಿದರು. ಅದರಂತೆ 1885ರಲ್ಲಿ, ವಲಸಿಗರು ಕಿಕ್ಕಿರಿದಿದ್ದ ನಾರ್ತ್ ಎಂಡ್ ಬಡಾವಣೆಯ ಪ್ರಾರ್ಥನಾ ಮಂದಿರವೊಂದರ ಅಂಗಳದಲ್ಲಿ ಒಂದು ರಾಶಿ ಮರಳು ಸುರಿಯಲಾಯಿತು. ಅಮೆರಿಕದ ಸಾರ್ವಜನಿಕ ಆಟದ ಬಯಲುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಮೊದಲು ಖರ್ಚು ನೋಡಿಕೊಂಡವರು ದಾನಿಗಳು. ನಗರಾಡಳಿತ ಕೈಜೋಡಿಸಿದ್ದು ಆಮೇಲೆ. 1906ರಲ್ಲಿ ರಾಷ್ಟ್ರಮಟ್ಟದ ಆಟದ ಬಯಲು ಸಂಘ ಸ್ಥಾಪನೆಯಾದಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರೇ ಅದರ ಗೌರವಾಧ್ಯಕ್ಷರಾದರು.

ನಮ್ಮ ನಾಡಿನಲ್ಲೂ ಕ್ರಮ ಇದೇ. 'ಸರಸ್ವತಿ' ಪತ್ರಿಕೆಯನ್ನು ನಡೆಸುತ್ತಿದ್ದ ಆರ್. ಕಲ್ಯಾಣಮ್ಮನವರು 1930ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಸರ್ಕಾರದ ಬೆಂಬಲದ ಬಾಲಭವನ ದೆಹಲಿಯಲ್ಲಿ ಆರಂಭವಾದದ್ದು 1956ರಲ್ಲಿ. ಕಬ್ಬನ್ ಪಾರ್ಕಿನ ಬಾಲಭವನ ಬಂದದ್ದು ಅದರ ನಂತರ. ಅಲ್ಲಿನ ಪುಟಾಣಿ ರೈಲಿನಲ್ಲಿ ಕುಳಿತ ನೆನಪು ಈ ಸಭೆಯಲ್ಲಿ ಅನೇಕರಿಗಿದ್ದೀತು. ದೀಪ ಹಚ್ಚಿದ್ದು ಯಾರೋ ಒಬ್ಬರ ಮಮತೆ. ಎಣ್ಣೆ ಎರೆಯುತ್ತಾ ಬಂದದ್ದು ಎಲ್ಲರ ತೆರಿಗೆ.

ಇನ್ನು ನಮ್ಮ ಮುಕಿಲ್ಟಿಯೊಗೆ ಬರೋಣ. ಹುಟ್ಟುಹಬ್ಬಕ್ಕೋ ನಾಮಕರಣಕ್ಕೋ ನಮ್ಮಲ್ಲಿ ಹಲವರು ಬಾಡಿಗೆಗೆ ಹಿಡಿಯುವ ರೋಸ್‌ಹಿಲ್ ಕೇಂದ್ರ 1893ರಲ್ಲಿ ಶಾಲೆಯಾಗಿ ಹುಟ್ಟಿತು. ಮರದ ಆ ಕಟ್ಟಡ 1928ರಲ್ಲಿ ಬೆಂಕಿಗೆ ಆಹುತಿಯಾಯಿತು. ಊರಿನವರು ಮತ್ತೆ ಶಾಲೆ ಕಟ್ಟಿದರು. ತರಗತಿಗಳು ಮುಗಿದುಹೋದ ಮೇಲೆ ಅದೇ ಕಟ್ಟಡ ಸಮುದಾಯ ಕೇಂದ್ರವಾಯಿತು. ಅದೂ ಹಳತಾದಾಗ ಕೆಡವಿ, 2011ರಲ್ಲಿ ಹೊಸ ಕಟ್ಟಡವನ್ನು ತೆರೆದರು. ಮೂರು ಕಟ್ಟಡ, ಒಂದೇ ಹೆಸರು. ಇದನ್ನು ಉಳಿಸಿಕೊಂಡ ಪೀಳಿಗೆಗಳಲ್ಲಿ ನಮ್ಮ ಪಾಲು ತೀರ ಇತ್ತೀಚಿನದು.

ಇಂಥ ಕೇಂದ್ರಗಳ ಆಯುಷ್ಯ ನಿರ್ಧಾರವಾಗುವುದು ತೆರಿಗೆಯ ಲೆಕ್ಕದಲ್ಲಿ. ಪೊಲೀಸ್, ಅಗ್ನಿಶಾಮಕ ಸೇವೆಗಳನ್ನು ನಗರಗಳು ಸುಲಭವಾಗಿ ಕೈಬಿಡಲಾರವು. ಮಕ್ಕಳ ಆಟೋಟ ಐಚ್ಛಿಕವೆನಿಸಿಕೊಳ್ಳುತ್ತದೆ. 2001ರಲ್ಲಿ ಈ ರಾಜ್ಯದ ಮತದಾರರು ಆಸ್ತಿ ತೆರಿಗೆಯ ವಾರ್ಷಿಕ ಏರಿಕೆಗೆ, ಹೊಸ ಕಟ್ಟಡಗಳ ತೆರಿಗೆಯನ್ನು ಬಿಟ್ಟು, ಶೇ. 1ರ ಮಿತಿ ಹಾಕಿದರು. 2007ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿದಾಗ, ಅದೇ ವರ್ಷ ಶಾಸನಸಭೆ ಅದನ್ನು ಮರುಸ್ಥಾಪಿಸಿತು. ಸಂಬಳ, ಸಾಮಾನುಗಳ ಬೆಲೆ ಅದಕ್ಕಿಂತ ವೇಗವಾಗಿ ಏರಿದಾಗ ನಗರಗಳು ಮತದಾರರ ಮುಂದೆ ಬಂದು ಕೈಯೊಡ್ಡಬೇಕಾಗುತ್ತದೆ. ನೆರೆಯ ಎವರೆಟ್ಟಿನ ಫಾರೆಸ್ಟ್ ಪಾರ್ಕಿನ ಸಾರ್ವಜನಿಕ ಈಜುಕೊಳ 2020ರಲ್ಲಿ ಮುಚ್ಚಿತು. 2024ರಲ್ಲಿ ಆ ನಗರ ಕೇಳಿದ ತೆರಿಗೆ ಏರಿಕೆಯನ್ನು ಮತದಾರರು ತಿರಸ್ಕರಿಸಿದರು.

ಇದಕ್ಕೆ ಎದುರಾದ ಉದಾಹರಣೆಯೂ ಹತ್ತಿರದಲ್ಲೇ ಇದೆ. 1990ರಲ್ಲಿ ಸಿಯಾಟಲ್ಲಿನ ಮತದಾರರು ಏಳು ವರ್ಷಗಳಿಗೆ ಸುಮಾರು 6.9 ಕೋಟಿ ಡಾಲರಿನ 'ಕುಟುಂಬ ಮತ್ತು ಶಿಕ್ಷಣ' ತೆರಿಗೆಯನ್ನು ಒಪ್ಪಿದರು. ಶಾಲೆಯ ನಂತರದ ಕಾರ್ಯಕ್ರಮಗಳಿಗೂ ಶಾಲೆಗಳಲ್ಲಿನ ಚಿಕಿತ್ಸಾಲಯಗಳಿಗೂ ಅದು ನೆರವಾಯಿತು. 1997, 2004, 2011ರಲ್ಲಿ ಜನ ಅದನ್ನು ನವೀಕರಿಸಿದರು. 2018ರಲ್ಲಿ ಅದು ಇನ್ನಷ್ಟು ವಿಸ್ತಾರವಾದ ರೂಪ ಪಡೆಯಿತು. ಕೇಂದ್ರ ಸರ್ಕಾರದ ಶಾಲೋತ್ತರ ಅನುದಾನವೂ 1998ರ 4 ಕೋಟಿ ಡಾಲರಿನಿಂದ 2002ರ ವೇಳೆಗೆ 100 ಕೋಟಿಗೆ ಬೆಳೆಯಿತು. ಆದರೂ 2025ರ ಜುಲೈ 1ರಂದು ರಾಜ್ಯಗಳ ಕೈಸೇರಬೇಕಿದ್ದ ಆ ಅನುದಾನವನ್ನು ತಡೆಹಿಡಿಯಲಾಯಿತು. ಅದೇ ತಿಂಗಳು ಬಿಡುಗಡೆಯಾಯಿತೆನ್ನಿ. ಅಷ್ಟರಲ್ಲಿ ದೇಶದಾದ್ಯಂತ ಕಾರ್ಯಕ್ರಮ ನಡೆಸುವವರು ಆತಂಕಪಟ್ಟದ್ದಾಗಿತ್ತು.

ವೈದ್ಯನಾಗಿ ಒಂದು ಮಾತು. ಶಾಲಾ ದಿನಗಳಲ್ಲಿ ಕಿಶೋರರು ಹಿಂಸೆಗೆ ಇಳಿಯುವುದು ಅತಿ ಹೆಚ್ಚು ಶಾಲೆ ಬಿಟ್ಟ ಕೂಡಲೇ, ಮಧ್ಯಾಹ್ನ 3 ಗಂಟೆಯ ಸುಮಾರಿಗೆ, ಎಂಬುದನ್ನು ನ್ಯಾಯಾಂಗ ಇಲಾಖೆಯ ಅಂಕಿಅಂಶಗಳು 1990ರ ದಶಕದಲ್ಲೇ ತೋರಿಸಿದವು. ತಂದೆತಾಯಿ ಕೆಲಸದಿಂದ ಇನ್ನೂ ಮರಳಿರದ ಹೊತ್ತು ಅದು. ನಮ್ಮ ಮಕ್ಕಳನ್ನು ಆ ಹೊತ್ತಿನಲ್ಲಿ ಭರತನಾಟ್ಯಕ್ಕೂ ಗಣಿತದ ತರಗತಿಗೂ ಕಾರಿನಲ್ಲಿ ಕರೆದೊಯ್ಯುತ್ತೇವೆ. ಎರಡೆರಡು ಕಡೆ ದುಡಿಯುವ ತಾಯಿಯ ಮಗುವಿಗೆ ಬಾಗಿಲು ತೆರೆದಿರುವುದು ಗ್ರಂಥಾಲಯ ಮತ್ತು ಸಮುದಾಯ ಕೇಂದ್ರಗಳಲ್ಲಿ ಮಾತ್ರ.

ನನ್ನ ತಪ್ಪನ್ನೂ ಮುಚ್ಚಿಡದೆ ಹೇಳಬೇಕು. ಪೌರತ್ವ ಪಡೆದ ಹೊಸದರಲ್ಲಿ, ಅಂಚೆಯಲ್ಲಿ ಬಂದ ಮತಪತ್ರದಲ್ಲಿ ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ, ಕೆಳಗಿದ್ದ ಸ್ಥಳೀಯ ತೆರಿಗೆಯ ಪ್ರಶ್ನೆಯನ್ನು ಖಾಲಿ ಬಿಟ್ಟೆ. ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಿದ್ದೆ. ಅದೇ ವರ್ಷ ನನ್ನ ಮಗಳು ಸಾರ್ವಜನಿಕ ಕೊಳವೊಂದರಲ್ಲಿ ಈಜು ಕಲಿತಳು. ಪ್ರವೇಶ ಶುಲ್ಕ ಅಲ್ಪವಾಗಿತ್ತು. ಉಳಿದದ್ದನ್ನು ಕೊಟ್ಟವರು ನನ್ನಂತೆ ಖಾಲಿ ಬಿಡದೆ ಮತ ಹಾಕಿದ್ದ ಅಪರಿಚಿತರು.

ಹೌದೆನ್ನಿ, ಅಲ್ಲವೆನ್ನಿ, ಅದು ನಿಮ್ಮ ವಿವೇಚನೆ. ಮತಪತ್ರದ ಕೊನೆಯ ಸಾಲಿನವರೆಗೂ ಓದಿ ಎಂಬುದಷ್ಟೇ ನನ್ನ ಬಿನ್ನಹ. ಶಾಲೆ ಬಿಟ್ಟ ಮಕ್ಕಳ ಹೊತ್ತು ನಿರ್ಧಾರವಾಗುವುದು ಹೆಚ್ಚಾಗಿ ಅಲ್ಲಿಯೇ.