ಮುಡಿಗೆ ಮರುಗ, ಅಡುಗೆಗೆ ದೊಡ್ಡಪತ್ರೆ

ಹಾಸನದ ಪೇಟೆಯಲ್ಲಿ ಪಿಜ್ಜಾದೊಡನೆ ಪುಟ್ಟ ಪೊಟ್ಟಣದಲ್ಲಿ ದೊರೆಯುವ ಓರೆಗಾನೊ ಎಂಬ ಒಣಸೊಪ್ಪನ್ನು ಹೊಚ್ಚಹೊಸ ಪರದೇಶೀಯ ಪದಾರ್ಥವೆಂದು ಬಗೆದು, ಅದರ ಸಸಿಯನ್ನು ತಂದು ಕುಂಡದಲ್ಲಿ ನೆಡಲು ಉತ್ಸುಕರಾಗಿರುವ ಗೃಹಸ್ಥರು, ಅದರ ಸಾಕ್ಷಾತ್ ದಾಯಾದಿಯೊಂದು ನಮ್ಮ ಹೂವಾಡಗಿತ್ತಿಯರ ಬುಟ್ಟಿಯಲ್ಲಿ ಬಹುಕಾಲದಿಂದ ನೆಲೆಸಿರುವುದನ್ನು ಗಮನಿಸಿದಂತಿಲ್ಲ. ಕನಕಾಂಬರದ ದಂಡೆಯಲ್ಲಿ ಅಲ್ಲಲ್ಲಿ ಬಾಳೆನಾರಿನಿಂದ ಬಿಗಿದಿರುವ, ಬೂದುಹಸಿರು ಬಣ್ಣದ ಕಿರಿಯೆಲೆಯ ಮರುಗವೇ ಆ ದಾಯಾದಿ. ಇವೆರಡೂ ತುಳಸಿಯ ಕುಟುಂಬಕ್ಕೆ, ಅದರಲ್ಲಿಯೂ ಒರಿಗ್ಯಾನಮ್ ಎಂಬ ಒಂದೇ ಕುಲಕ್ಕೆ ಸೇರಿದವು. 1753ರಲ್ಲಿ ಲಿನೇಯಸನು ಎರಡಕ್ಕೂ ಶಾಸ್ತ್ರೀಯ ನಾಮಕರಣವನ್ನು ಮಾಡಿದನು. ಓರೆಗಾನೊ ಯೂರೋಪಿನಿಂದ ನಮ್ಮ ಹಿಮಾಲಯದ ಇಳಿಜಾರುಗಳವರೆಗೆ ತಾನಾಗಿ ಬೆಳೆಯುವ ಸಸ್ಯವಾದರೆ, ಮರುಗದ ತವರು ಸೈಪ್ರಸ್ ದ್ವೀಪ ಹಾಗೂ ತುರ್ಕಿಯ ದಕ್ಷಿಣ ಭಾಗ.

ಯೂರೋಪಿನವರು ಮಾಂಸಕ್ಕೂ ಸಾರಿಗೂ ಬೆರೆಸುವ ಈ ಮರುಗವನ್ನು ನಮ್ಮವರು ಅಡುಗೆಮನೆಯ ಹೊಸ್ತಿಲು ದಾಟಗೊಡದೆ, ದೇವರಿಗೂ ಹೆಂಗಳೆಯರ ಮುಡಿಗೂ ಮೀಸಲಾಗಿಟ್ಟುದೇಕೆ? ನಮ್ಮ ಹಳೆಯ ಸಂಸ್ಕೃತಿಯಲ್ಲಿ ಪರಿಮಳಕ್ಕೂ ರುಚಿಗೂ ಪ್ರತ್ಯೇಕವಾದ ಅಧಿಕಾರಕ್ಷೇತ್ರಗಳಿದ್ದುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿ ಕನ್ನಡದ ‘ಲೋಕೋಪಕಾರ’ವನ್ನು ರಚಿಸಿದ ಚಾವುಂಡರಾಯನು (ಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ, ಈತನು ಬೇರೆ) ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರಗಳೆಲ್ಲವನ್ನೂ ಒಂದೇ ಗ್ರಂಥದಲ್ಲಿ ಅಡಕಮಾಡಿದರೂ ಸುಗಂಧಕ್ಕೆ ಬೇರೆ ಅಧ್ಯಾಯವನ್ನೂ ಪಾಕಕ್ಕೆ ಬೇರೆ ಅಧ್ಯಾಯವನ್ನೂ ಮೀಸಲಿಟ್ಟಿದ್ದಾನೆ. ಹೂವಿಗೆ ಈ ಸೀಮೆಯಲ್ಲಿ ಸಂದಿದ್ದ ಗೌರವವನ್ನಂತೂ ಕಲ್ಲುಗಳೇ ಹೇಳುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಶಾಸನಸಂಶೋಧಕ ಬಿ. ಎಲ್. ರೈಸ್ ಅವರು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅವನ್ನು ಪರಿಷ್ಕರಿಸಿ ಹೊರತಂದರು. ಗೊಮ್ಮಟದೇವನ ಪುಷ್ಪಪೂಜೆಗೆಂದು ಹೊಯ್ಸಳರ ಕಾಲದ ಭಕ್ತರೂ ವರ್ತಕರೂ ಭೂಮಿಯನ್ನೂ ಹಣವನ್ನೂ ಬಿಟ್ಟುಕೊಟ್ಟ ವಿವರಗಳು ಅವುಗಳಲ್ಲಿ ಕಾಣಬರುತ್ತವೆ. ಇತ್ತ ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಹಿಂದಿನ ವರ್ಷ ಏರಿಸಿದ ಹೂ ಬಾಡದೆ ಇರುತ್ತದೆಂಬುದು ಜನರ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ, ಮಲ್ಲಿಗೆ ಮುದುಡಿ ಕಂದಿದ ಮೇಲೆಯೂ ಅದೇ ದಂಡೆಯಲ್ಲಿರುವ ಮರುಗದ ಎಸಳು ಒಣಗಿ ಗಂಧವನ್ನು ಉಳಿಸಿಕೊಂಡಿರುವುದನ್ನು ಯಾರಾದರೂ ಮೂಸಿ ನೋಡಬಹುದು.

ಅಡುಗೆಮನೆಯ ಅಧಿಕಾರವು ಮಾತ್ರ ದೊಡ್ಡಪತ್ರೆಗೆ ಸಂದಿತು. ಇದು ಓರೆಗಾನೊದ ಕುಲದ್ದಲ್ಲ, ಕುಟುಂಬವಷ್ಟೇ ಒಂದು. 1790ರಲ್ಲಿ ಪೋರ್ಚುಗೀಸ್ ಪಾದ್ರಿ ಲೌರೇರೊ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಪೂರ್ವಸಮುದ್ರದ ಅಂಬೋನ್ ದ್ವೀಪದ ಹೆಸರಿಟ್ಟನಾದರೂ ಅದರ ಮೂಲವು ಆಫ್ರಿಕವೆಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಆದರೆ ಓರೆಗಾನೊಗೆ ಖಾರವಾದ ಘಾಟನ್ನು ಕೊಡುವ ಕಾರ್ವಕ್ರಾಲ್ ಎಂಬ ತೈಲಾಂಶವೇ ದೊಡ್ಡಪತ್ರೆಯಲ್ಲಿಯೂ ತುಂಬಿದೆ. ಕುಲಬಂಧುವಾದ ಮರುಗದಲ್ಲಿ ಅದು ಅತ್ಯಲ್ಪವಾದುದರಿಂದಲೇ ಅದರ ವಾಸನೆ ಅಷ್ಟು ಸೌಮ್ಯ. ಹೊಳೆನರಸೀಪುರ, ಅರಕಲಗೂಡುಗಳ ಹಿತ್ತಿಲುಗಳಲ್ಲಿ ಬಚ್ಚಲ ನೀರು ಹರಿಯುವೆಡೆ, ಯಾರೋ ಮುರಿದು ಚುಚ್ಚಿದ ದೊಡ್ಡಪತ್ರೆಯ ಕಡ್ಡಿಯೊಂದು ಹಬ್ಬಿ ಪೊದೆಯಾಗಿರುತ್ತದೆ. ಮಗುವಿಗೆ ಕೆಮ್ಮು ಬಂದರೆ ಅಜ್ಜಿ ಅದರ ದಪ್ಪ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಅಂಗೈಯಲ್ಲಿ ಹಿಂಡಿ, ಜೇನು ಬೆರೆಸಿ ನೆಕ್ಕಿಸುವಳು. ಮಿಕ್ಕ ಎಲೆಗಳು ಜೀರಿಗೆ, ಮೆಣಸುಗಳೊಡನೆ ತುಪ್ಪದಲ್ಲಿ ಹುರಿದು, ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಸೇರಿ ತಂಬುಳಿಯಾಗುವುವು. ಸಂಜೆಯ ಮಳೆಗೆ ಬಜ್ಜಿಯೂ ಉಂಟು.

ಆದಕಾರಣ ಈಗ ಕೈತೋಟಕ್ಕೆ ಓರೆಗಾನೊವನ್ನು ಆರಿಸತಕ್ಕವರು ಮೊದಲು ನೆಲವನ್ನು ನೋಡಬೇಕು. ಮಲೆನಾಡಿನ ಅಂಚಿಗಿರುವ ಅರಕಲಗೂಡು, ಹಾಸನಗಳ ಮುಂಗಾರಿನಲ್ಲಿ ಬೇರಿನಡಿ ನೀರು ನಿಂತರೆ ಓರೆಗಾನೊವೂ ಮರುಗವೂ ಕೊಳೆಯುತ್ತವೆ. ಮರಳು ಬೆರೆತ ಮಣ್ಣಿನ ಕುಂಡವನ್ನು ಜಗಲಿಯ ಸೂರಿನಡಿ ಇಡುವುದು ಲೇಸು. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಮಳೆ ಕಡಿಮೆ. ಅಲ್ಲಿಯ ಒಣಹವೆ ಇವಕ್ಕೆ ಹಿತ. ಇನ್ನು ತಳಿಯ ಮಾತು: ನಸುಗೆಂಪು ಹೂ ಬಿಡುವ ಸಾಮಾನ್ಯ ಓರೆಗಾನೊ ನೋಟಕ್ಕೆ ಚೆನ್ನ, ನಾಲಗೆಗೆ ಸಪ್ಪೆ, ರೋಮಭರಿತ ಎಲೆಯೂ ಬಿಳಿಯ ಹೂವೂ ಉಳ್ಳ ಗ್ರೀಕ್ ತಳಿಯೇ ಅಡುಗೆಗೆ ತಕ್ಕುದು. ಮೆಕ್ಸಿಕೊದ ಓರೆಗಾನೊ ಎನ್ನಿಸಿಕೊಳ್ಳುವುದು ಬೇರೊಂದು ಕುಟುಂಬದ ಪೊದೆ, ಅದನ್ನು ಇಲ್ಲಿ ಚರ್ಚಿಸಬೇಕಾದುದಿಲ್ಲ. ಬೀಜದಿಂದ ಎದ್ದ ಗ್ರೀಕ್ ಸಸಿಗಳಲ್ಲಿಯೂ ಒಂದರ ಘಾಟು ಮತ್ತೊಂದಕ್ಕಿರದು. ಆದುದರಿಂದ ಬೀಜದ ಪೊಟ್ಟಣವನ್ನು ನೆಚ್ಚುವುದಕ್ಕಿಂತ, ನಮ್ಮ ಹೆಂಗಸರು ಮರುಗಕ್ಕೂ ದೊಡ್ಡಪತ್ರೆಗೂ ಮಾಡುತ್ತ ಬಂದಂತೆ, ಬೆಳೆದ ಗಿಡದ ಎಲೆಯೊಂದನ್ನು ಅಗಿದು ನೋಡಿ, ಒಪ್ಪಿಗೆಯಾದ ಗಿಡದಿಂದಲೇ ಒಂದು ಕಡ್ಡಿಯನ್ನು ಕೇಳಿ ತರುವುದು ಮೇಲು.