ಹಳದಿ ಹೊಲದ ಕೆಳಗಿನ ನೀರು 🌼

1/7
ಫ್ರೆಂಡ್ಸ್, ಈ ಫೋಟೋ ನಿಮ್ಮಲ್ಲೂ ಇರುತ್ತೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋದ್ರೆ ರಸ್ತೆ ಪಕ್ಕ ಚೆಂಡು ಹೂ, ಸೂರ್ಯಕಾಂತಿ. ಕೇರಳದ ಕಾರುಗಳು ಸೆಲ್ಫಿಗೆ ನಿಂತಿರ್ತವೆ. ಇವತ್ತು ಹೂವಿನ ಕಥೆ ಸ್ವಲ್ಪ, ಅದರ ಕೆಳಗಿನ ನೀರಿನ ಕಥೆ ಜಾಸ್ತಿ. ಸ್ವೈಪ್ ಮಾಡಿ 👉

2/7
ಈ ಚೆಂಡು ಹೂ ಬರೀ ಹಾರಕ್ಕಲ್ಲ. ಬಹಳಷ್ಟು ರೈತರು ಕಂಪನಿಗಳ ಜೊತೆ ಒಪ್ಪಂದ ಮಾಡ್ಕೊಂಡು ಬೆಳೀತಾರೆ. ಹೂವನ್ನ ಒಣಗಿಸಿ ಅದರ ಬಣ್ಣ ತೆಗೀತಾರೆ. ಅದರಲ್ಲಿರೋದು ಲ್ಯೂಟಿನ್. ಕೋಳಿ ಮೇವಿಗೆ ಸೇರಿಸಿದ್ರೆ ಮೊಟ್ಟೆಯ ಹಳದಿ ಗಾಢ ಆಗುತ್ತೆ. ಕಣ್ಣಿನ ಮಾತ್ರೆಗೂ ಹಾಕ್ತಾರೆ. ಗಿಡದಿಂದಲೇ ಉದ್ಯಮ ಅಂದ್ರೆ ಇದೇ.

3/7
ಹಿಂದೆ ಹೀಗಿರಲಿಲ್ಲ. ನಮ್ಮದು ಮಳೆ ನೆರಳಿನ ಸೀಮೆ. ಜೋಳ, ರಾಗಿ, ಹುರುಳಿ ಬೆಳೀತಿದ್ರು. ನೀರಿಗೆ ಕೆರೆ, ತೆರೆದ ಬಾವಿ. ನಮ್ಮ ತಾತ ಈಜು ಕಲಿತದ್ದು ಹೊಲದ ಬಾವೀಲಿ. ಆ ಬಾವೀಲಿ ನಾನು ನೀರು ನೋಡೇ ಇಲ್ಲ. 1990ರ ದಶಕದಿಂದ ಬೋರ್‌ವೆಲ್ ಹೆಚ್ಚಾದವು. ಅರಿಶಿನ, ಬಾಳೆ ಹೆಚ್ಚಾಯ್ತು. ಬೋರ್ ತಪ್ಪು ಅಂತ ಹೇಳೋಕೆ ನನಗೆ ಬಾಯಿಲ್ಲ. ನನ್ನ ಫೀಸು ಕಟ್ಟಿದ್ದೇ ಅರಿಶಿನ.

4/7
ಆದ್ರೆ ದುಡ್ಡು ಎಣಿಸಿದ ಹಾಗೆ ನೀರನ್ನೂ ಎಣಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು 2003ರಿಂದ ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ, 2009ರಿಂದ ಕಾಡಂಚಿನ ಬೇರಂಬಾಡಿ ಜಲಾನಯನದಲ್ಲಿ ಅಳತೆ ಶುರು ಮಾಡಿದ್ರು. ಜಲಾನಯನ ಅಂದ್ರೆ ಬಿದ್ದ ಮಳೆಯೆಲ್ಲ ಒಂದೇ ಹಳ್ಳಕ್ಕೆ ಇಳಿಯೋ ನೆಲ. ಬೇರಂಬಾಡಿಯದು ಸುಮಾರು 84 ಚದರ ಕಿ.ಮೀ.

5/7
ಏನು ಗೊತ್ತಾಯ್ತು? ಕಾಡಲ್ಲಿ ಬಿದ್ದ ಮಳೇಲಿ ಬಹುಪಾಲನ್ನ ಮರಗಳೇ ಆಕಾಶಕ್ಕೆ ವಾಪಸ್ ಕಳಿಸ್ತವೆ. ಹೊಲದ ಕಡೆ ಇನ್ನೊಂದು ಆಶ್ಚರ್ಯ. ತಗ್ಗಿನಲ್ಲಿ ನೀರು ಮೇಲೇ ಸಿಗಬೇಕು ಅಲ್ವಾ? ಇಲ್ಲಿ ಉಲ್ಟಾ. ಕೆಳಗಿನ ಹಳ್ಳಿಗಳಲ್ಲೇ ಅಂತರ್ಜಲ ಹೆಚ್ಚು ಆಳ. ಯಾಕಂದ್ರೆ ಪಂಪ್ ಮೊದಲು ಜೋರಾಗಿದ್ದು ಅಲ್ಲೇ. ಅಂತರ್ಜಲ ಕುಸಿದ ಮೇಲೆ ಹಳ್ಳಕ್ಕೆ ಒಸರೋ ನೀರೂ ನಿಂತುಹೋಯ್ತು.

6/7
ಈ ಹಳ್ಳದ ನೀರು ಸೇರಬೇಕಾದ್ದು ಗುಂಡ್ಲು ಹೊಳೆಗೆ. ನಮ್ಮೂರಿನ ಹೆಸರಲ್ಲೇ ಇರೋ ಹೊಳೆ! ಅದು ನಂಜನಗೂಡಿನಲ್ಲಿ ಕಬಿನಿ ಸೇರುತ್ತೆ. ಈಗ ಅದೇ ನಂಜನಗೂಡು ತಾಲ್ಲೂಕಿನ ಆಲಂಬೂರಿಂದ ಕಬಿನಿ ನೀರನ್ನ ಪಂಪ್ ಮಾಡಿ ಚಾಮರಾಜನಗರ, ಗುಂಡ್ಲುಪೇಟೆ ಕೆರೆಗಳಿಗೆ ಹತ್ತಿಸ್ತಿದ್ದಾರೆ. ಒಂದು ಕಾಲಕ್ಕೆ ನಾವು ಕೊಡ್ತಿದ್ದ ನೀರನ್ನ ಈಗ ಕರೆಂಟು ಸುಟ್ಟು ತರಿಸ್ಕೊಳ್ತಿದ್ದೀವಿ. ಕೆರೆ ತುಂಬಿದ್ರೆ ಖುಷಿನೇ. ಆದ್ರೆ ಲೆಕ್ಕ ಇಲ್ಲದಿದ್ರೆ ಅದೂ ಎಷ್ಟು ದಿನ?

7/7
ಮುಂಗಾರಿನ ಚೆಂಡು ಹೂ ಹೆಚ್ಚಾಗಿ ಮಳೇಲೇ ಬದುಕುತ್ತೆ. ಅರಿಶಿನ ತಿಂಗಳುಗಟ್ಟಲೆ ಬೋರ್ ನೀರು ಕುಡಿಯುತ್ತೆ. ಯಾವ ಬೆಳೆ ಎಷ್ಟು ಕೊಡುತ್ತೆ ಅನ್ನೋದರ ಜೊತೆ ಎಷ್ಟು ಕುಡಿಯುತ್ತೆ ಅಂತಾನೂ ಕೇಳೋಣ. ಇವತ್ತು ಮನೇಲಿ ಹಿರಿಯರನ್ನ ಕೇಳಿ: ಬಾವಿ ಯಾವ ವರ್ಷ ಬತ್ತಿತು? ಮೊದಲ ಬೋರ್ ಎಷ್ಟು ಅಡಿ, ಈಗಿನದು ಎಷ್ಟು? ಊರಿನ ಹೆಸರಿನ ಜೊತೆ ಕಾಮೆಂಟ್ ಮಾಡಿ. ಅದೇ ನಮ್ಮ ಇತಿಹಾಸ 💧

#ಗುಂಡ್ಲುಪೇಟೆ #ಚಾಮರಾಜನಗರ #ಬೇರಂಬಾಡಿ #ಗುಂಡ್ಲುಹೊಳೆ #ನಮ್ಮನೀರು